ಹೊಸ ಮನೆ, ಹೊಸ ನೆರೆ

ನಮ್ಮದು ಐದು ಜನರ ಸಂಸಾರ. ಗಂಡ, ಹೆಂಡತಿ, ಮಗಳು, ಮಗ, ವಯಸ್ಸಾದ ಅತ್ತೆ. ನಾವು ಮುಸಲ್ಮಾನರು. ಮನೆಯಲ್ಲಿ ಉರ್ದು ಮಾತಾಡ್ತೀವಿ. ಹೊರಗೆ ಕನ್ನಡ.

ನಮ್ಮ ಯಜಮಾನರದು ಬೀಟೆ ಮರದ ಕೆಲಸ. ಬೀಟೆ ಮರದ ಹಲಗೆ ನೀವು ನೋಡಿದ್ದೀರಿ. ಬಣ್ಣ ಕಪ್ಪು. ಅದರಲ್ಲಿ ಸಣ್ಣ ಉಳಿಯಿಂದ ಗುಳಿ ತೋಡುತ್ತಾರೆ. ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕತ್ತರಿಸಿ ಆ ಗುಳಿಯಲ್ಲಿ ಕೂರಿಸುತ್ತಾರೆ. ಹಳದಿ ಬೇಕಾದರೆ ಹಲಸಿನ ಮರ. ಹೀಗೆ ಆನೆ, ಹಳ್ಳಿ, ಹೊಳೆ, ದೇವರು ಎಲ್ಲ ಮೂಡುತ್ತವೆ. ಹಿಂದೆ ಆನೆದಂತವನ್ನೂ ಕೂರಿಸುತ್ತಿದ್ದರು. ಕಾನೂನು ಬಂದು ಅದು ನಿಂತಿತು. ಮೈಸೂರು ಅರಮನೆಯ ಅಂಬಾವಿಲಾಸಕ್ಕೆ ಹೋದರೆ ದಂತ ಕೂರಿಸಿದ ಬೀಟೆ ಬಾಗಿಲು ಇವತ್ತಿಗೂ ಇದೆ. ಮೈಸೂರಿನಲ್ಲಿ ಈ ಕೆಲಸ ಮಾಡುವವರಲ್ಲಿ ನಮ್ಮ ಜನ ಬಹಳ. ಮಂಡಿ ಮೊಹಲ್ಲಾದ ಗಲ್ಲಿಗಳಲ್ಲಿ ಉಳಿ, ಗರಗಸದ ಸದ್ದು ಕೇಳುತ್ತಿತ್ತು. ನಾವೂ ಅಲ್ಲೇ ಇದ್ದವರು. ಹದಿನೆಂಟು ವರ್ಷ ಇದ್ದೆವು.

2010ರಲ್ಲಿ ಆ ಮನೆ ಬಿಡಬೇಕಾಯಿತು. ಮಾಲೀಕರು ಮನೆ ಕೆಡವಿ ಕಟ್ಟುತ್ತೇವೆ ಅಂದರು. ಮಗಳು ಹೈಸ್ಕೂಲಿಗೆ ಸೇರಿದ್ದಳು. ಶಾಲೆಗೆ ಹತ್ತಿರ ಆಗಲಿ ಅಂತ ಲಕ್ಷ್ಮೀಪುರಂನಲ್ಲಿ ಮನೆ ಹುಡುಕಿದೆವು.

ಲಕ್ಷ್ಮೀಪುರಂ ಮೈಸೂರಿನ ಹಳೆಯ ಬಡಾವಣೆ. ಪಕ್ಕದಲ್ಲಿ ಚಾಮರಾಜಪುರಂ, ಕೃಷ್ಣಮೂರ್ತಿಪುರಂ. ಹೆಂಚಿನ ಮನೆಗಳು, ಮುಂದೆ ಜಗಲಿ, ಬಾಗಿಲಲ್ಲಿ ರಂಗೋಲಿ. ಬೆಳಿಗ್ಗೆ ಕಾಫಿ ವಾಸನೆ. ನಮಗೆ ಜಾಗ ಬಹಳ ಇಷ್ಟವಾಯಿತು. ಜಾಗಕ್ಕೆ ನಾವು ಇಷ್ಟವಾಗಬೇಕಲ್ಲ?

ಮೊದಲ ಮನೆಯಲ್ಲಿ ಎಲ್ಲ ಮಾತಾಯಿತು. ಬಾಡಿಗೆ ಒಪ್ಪಿದೆವು. ಮುಂಗಡಕ್ಕೂ ಒಪ್ಪಿದೆವು. ಕೊನೆಗೆ, "ನಿಮ್ಮ ಹೆಸರೇನಂದ್ರಿ?" ಅಂದರು. ಹೆಸರು ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮ ಮಗನ್ನ ಒಂದು ಮಾತು ಕೇಳ್ಬೇಕು" ಅಂದರು. ಆ ಮಗನ ಉತ್ತರ ಇವತ್ತಿಗೂ ಬಂದಿಲ್ಲ. ಎರಡನೇ ಮನೆಯ ಗೇಟಿನಲ್ಲಿ ಬೋರ್ಡು ಇತ್ತು. ಸಸ್ಯಾಹಾರಿಗಳಿಗೆ ಮಾತ್ರ. ಅವರಾದರೂ ಮೊದಲೇ ಹೇಳಿದ್ದರು. ಮೂರನೇ ಮನೆ ಬೆಳಿಗ್ಗೆ ಖಾಲಿ ಇತ್ತು. ನಾವು ಹೋದ ಹತ್ತು ನಿಮಿಷಕ್ಕೆ "ಕೊಟ್ಟಾಯ್ತು". ಮುಂದಿನ ಭಾನುವಾರ ಅದೇ ಗೇಟಿನಲ್ಲಿ ಮತ್ತೆ "ಬಾಡಿಗೆಗೆ ಇದೆ" ಅಂತ ತೂಗುತ್ತಿತ್ತು.

ಕಾನೂನು ಏನು ಹೇಳುತ್ತದೆ ಅಂತ ನೀವು ಕೇಳಬಹುದು. ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ, ಇಲ್ಲೆಲ್ಲ ಧರ್ಮ, ಜಾತಿ ನೋಡಿ ಯಾರನ್ನೂ ತಡೆಯುವಂತಿಲ್ಲ. ಸಂವಿಧಾನದ 15ನೇ ವಿಧಿಯಲ್ಲಿ ಹೀಗೆ ಬರೆದಿದೆ. ತನ್ನ ಧರ್ಮವನ್ನು ಪಾಲಿಸುವ ಹಕ್ಕು ಎಲ್ಲರಿಗೂ ಇದೆ. ಅದು 25ನೇ ವಿಧಿ. ಆದರೆ ಒಬ್ಬರ ಸ್ವಂತ ಮನೆಯ ಬಾಡಿಗೆ ಮಾತು ಬಾಗಿಲ ಒಳಗೇ ನಡೆಯುತ್ತದೆ. "ಮಗನ್ನ ಕೇಳ್ಬೇಕು" ಅಂದವರ ಮೇಲೆ ಯಾವ ಅರ್ಜಿ ಬರೆಯುವುದು? ಮನಸ್ಸಿಗೆ ನೋವಾಯಿತು. ಮಗಳ ಎದುರು ಇದೆಲ್ಲ ನಡೆಯಿತಲ್ಲ, ಅದು ಹೆಚ್ಚು ನೋವು.

ನಾಲ್ಕನೇ ಮನೆಯ ಮಾಲೀಕರು ನಿವೃತ್ತ ಮೇಷ್ಟ್ರು. ಮಹಡಿ ಮೇಲೆ ಗಂಡ ಹೆಂಡತಿ ಇಬ್ಬರೇ. ಕೆಳಗಿನ ಮನೆ ಬಾಡಿಗೆಗೆ. ಹೆಸರು ನಾವೇ ಮೊದಲು ಹೇಳಿಬಿಟ್ಟೆವು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.

"ಮಾಂಸ ಮಾಡ್ತೀರಾ ಸಾಹೇಬ್ರೇ?" ಅಂದರು.

"ಮಾಡ್ತೀವಿ ಮೇಷ್ಟ್ರೇ. ವಾರಕ್ಕೊಂದು ಸಲ. ಸುಳ್ಳು ಹೇಳಿ ಮನೆಗೆ ಬರಲ್ಲ."

ಮೇಷ್ಟ್ರು ಒಳಗೆ ಹೋಗಿ ಹೆಂಡತಿ ಹತ್ತಿರ ಮಾತಾಡಿ ಬಂದರು. "ನನ್ನ ಹೆಂಡತಿಗೆ ವಾಸನೆ ಆಗೋದಿಲ್ಲ. ಅಡಿಗೆಮನೆ ಹಿಂದಗಡೆ ಇದೆ. ಆ ಕಿಟಕಿ ಹಾಕ್ಕೊಂಡು ಮಾಡ್ಕೊಳ್ಳಿ. ಕಸ ಮುಂದೆ ಹಾಕ್ಬೇಡಿ. ಇಷ್ಟು ಆಗುತ್ತಾ?"

ಆಗುತ್ತೆ ಅಂದೆವು. ಹನ್ನೊಂದು ತಿಂಗಳ ಕರಾರು ಪತ್ರ ಆಯಿತು. ನಮ್ಮ ಅತ್ತೆ ಹೆಬ್ಬೆಟ್ಟು ಒತ್ತಬೇಕಾಗಿರಲಿಲ್ಲ. ಆದರೂ ಪತ್ರವನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅವರಿಗೆ ಓದು ಬರುತ್ತಿರಲಿಲ್ಲ.

ನಮ್ಮ ನೆಂಟರಲ್ಲಿ ಕೆಲವರು ಕೇಳಿದರು. ನಮ್ಮ ಮನೆ, ನಮ್ಮ ಒಲೆ, ಕಿಟಕಿ ಯಾಕೆ ಹಾಕಬೇಕು? ಕೇಳಿದ್ದು ತಪ್ಪಲ್ಲ. ನಾವು ಯೋಚಿಸಿದ್ದು ಹೀಗೆ. ಮೇಷ್ಟ್ರು ನಮ್ಮನ್ನು ಬದಲಾಗಿ ಅನ್ನಲಿಲ್ಲ. ತಮ್ಮ ಕಷ್ಟ ಹೇಳಿದರು. ನಮ್ಮ ಕಷ್ಟ ಕೇಳಿದರು. ಬಕ್ರೀದಿಗೆ ನಾವು ಹೇಗೂ ಮಂಡಿ ಮೊಹಲ್ಲಾದ ಅಣ್ಣನ ಮನೆಗೇ ಹೋಗುತ್ತೇವೆ. ಒಂದು ಕಿಟಕಿಗೆ ಜಗಳ ಬೇಡ ಅಂದುಕೊಂಡೆವು.

ಬೆಳಗಿನ ಜಾವದ ದೀಪ

ಜೂನ್‌ನಲ್ಲಿ ಬಂದೆವು. ಜುಲೈ ಕಳೆಯಿತು. ಯಾರೂ ಮಾತಾಡಿಸಲಿಲ್ಲ. ಜಗಳವೇನೂ ಇಲ್ಲ. ನಾವು ಬೀದಿಗೆ ಬಂದರೆ ಎದುರು ಜಗಲಿಯ ಮಾತು ನಿಲ್ಲುತ್ತಿತ್ತು. ಮುಂದೆ ಹೋದ ಮೇಲೆ ಮತ್ತೆ ಶುರು. ಎಡಗಡೆ ಮನೆಯವರು ನಮ್ಮ ಕಡೆಯ ಕಿಟಕಿಗೆ ಪರದೆ ಹಾಕಿದರು. ಬಲಗಡೆ ಮನೆಯಲ್ಲಿ ಒಬ್ಬ ಅಜ್ಜಿ. ಮಗ ಸೊಸೆ ಕೆಲಸಕ್ಕೆ ಹೋಗುವವರು. ಅಜ್ಜಿ ದಿನಾ ತುಳಸಿಗೆ ನೀರು ಹಾಕುವಾಗ ನಮ್ಮ ಕಡೆ ನೋಡುತ್ತಿದ್ದರು. ನಗುತ್ತಿರಲಿಲ್ಲ.

ನಾವು ಮಾತಾಡಿಸಿದೆವಾ? ನಿಜ ಹೇಳಬೇಕು. ನಾವೂ ಮಾತಾಡಿಸಲಿಲ್ಲ. "ಅವರೇ ಮಾತಾಡ್ಲಿ" ಅಂತ ಕೂತೆವು. ಮಗನಿಗೆ, "ಯಾರ ಮನೆಗೂ ಹೋಗ್ಬೇಡ, ಏನು ಕೊಟ್ರೂ ತಿನ್ಬೇಡ" ಅಂತ ಹೇಳಿಟ್ಟೆವು.

ಆಗಸ್ಟ್ 12ಕ್ಕೆ ರಂಜಾನ್ ತಿಂಗಳು ಶುರುವಾಯಿತು. ಈ ತಿಂಗಳು ಬೆಳಗಾಗುವ ಮುಂಚೆ ಊಟ ಮಾಡಬೇಕು. ಆಮೇಲೆ ಸೂರ್ಯ ಮುಳುಗುವವರೆಗೆ ಅನ್ನವಿಲ್ಲ, ನೀರಿಲ್ಲ. ನಾಲ್ಕು ಗಂಟೆಗೆ ಎದ್ದು ಒಲೆ ಹಚ್ಚುತ್ತಿದ್ದೆವು. ಕುಕ್ಕರ್ ಕೂಗುತ್ತಿತ್ತು. ಮೂರನೇ ದಿನ ಎಡಗಡೆ ಮನೆಯವರು ಮೇಷ್ಟ್ರ ಹತ್ತಿರ ದೂರು ಕೊಟ್ಟರು. ಸರಿಹೊತ್ತಿನಲ್ಲಿ ಪಾತ್ರೆ ಸದ್ದು, ಮಕ್ಕಳಿಗೆ ನಿದ್ದೆ ಇಲ್ಲ ಅಂತ.

ಮೇಷ್ಟ್ರು ಬಂದು ಹೇಳಿದರು. ಕೋಪ ಬಂತು. ಆದರೆ ನಾಲ್ಕು ಗಂಟೆಗೆ ಕುಕ್ಕರ್ ಕೂಗಿದರೆ ಯಾರಿಗಾದರೂ ಎಚ್ಚರ ಆಗುತ್ತದೆ. ಅದು ಧರ್ಮದ ಮಾತಲ್ಲ, ಕುಕ್ಕರಿನ ಮಾತು. ಅವತ್ತಿನಿಂದ ರಾತ್ರಿಯೇ ಅಡಿಗೆ ಮಾಡಿ ಇಟ್ಟೆವು. ಬೆಳಗಿನ ಜಾವ ಬಿಸಿ ಮಾತ್ರ ಮಾಡಿದೆವು.

ಹಾಗೆ ಒಂದು ದಿನ ನಮ್ಮ ಅತ್ತೆ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದರು. ಬಲಗಡೆ ಮನೆಯಲ್ಲಿಯೂ ದೀಪ ಉರಿಯುತ್ತಿತ್ತು. ಅಜ್ಜಿ ದಿನಾ ನಾಲ್ಕೂವರೆಗೆ ಏಳುವವರು. ಸ್ನಾನ, ಮಡಿ, ಸುಪ್ರಭಾತ. ಕಾಂಪೌಂಡ್ ಗೋಡೆ ಎದೆ ಮಟ್ಟ. ಆಚೆ ಅಜ್ಜಿ, ಈಚೆ ಅತ್ತೆ.

"ಇಷ್ಟು ಬೇಗ ಎದ್ದಿದೀರಲ್ರೀ. ಮೈಗೆ ಹುಷಾರಿಲ್ವಾ?" ಅಂದರು ಅಜ್ಜಿ.

ನಮ್ಮ ಅತ್ತೆಗೆ ಕನ್ನಡ ತೊದಲು. "ಉಪವಾಸ ಅಮ್ಮಾ, ಉಪವಾಸ" ಅಂದರು.

"ಓ, ನನಗೂ ಇವತ್ತು ಏಕಾದಶಿ ಕಣ್ರೀ" ಅಂದರು ಅಜ್ಜಿ.

ಇಷ್ಟೇ ಮಾತು. ಅತ್ತೆ ಒಳಗೆ ಬಂದು ಎಲ್ಲರನ್ನೂ ಎಬ್ಬಿಸಿ ಇದನ್ನೇ ಹೇಳಿದರು. ಎರಡೂವರೆ ತಿಂಗಳಲ್ಲಿ ನಮಗೆ ಸಿಕ್ಕ ಮೊದಲ ಮಾತು ಅದು.

ಆಮೇಲೆ ದಿನಾ ಗೋಡೆ ಹತ್ತಿರ ಎರಡು ಮಾತು. ಮಂಡಿ ನೋವು, ಸಕ್ಕರೆ ಕಾಯಿಲೆ, ಸೊಸೆ. ಹೌದು, ಸೊಸೆಯ ಮಾತೂ. ಇಬ್ಬರ ದೂರೂ ಒಂದೇ ತರಹ ಇತ್ತಂತೆ.

ಚಂದ್ರನ ಲೆಕ್ಕ

ಆ ವರ್ಷ ಒಂದು ವಿಶೇಷ ಆಯಿತು. ಸೆಪ್ಟೆಂಬರ್ 11, ಶನಿವಾರ ಗಣೇಶನ ಹಬ್ಬ. ನಮ್ಮ ಈದ್ ಹಬ್ಬವೂ ಅವತ್ತೇ ಬಂತು.

ಹಿಂದಿನ ಸಂಜೆ ನಾವೆಲ್ಲ ಮಹಡಿ ಹತ್ತಿದೆವು. ಚಂದ್ರ ಕಂಡರೆ ಮಾರನೇ ದಿನ ಈದ್. ಅಜ್ಜಿಯ ಮೊಮ್ಮಕ್ಕಳೂ ನಮ್ಮ ಮಗನ ಜೊತೆ ಹತ್ತಿ ಬಂದರು. ಪಶ್ಚಿಮದಲ್ಲಿ ಉಗುರಿನಷ್ಟು ಚಂದ್ರ. ಮಕ್ಕಳು ಕೂಗಿದರು. ಕೆಳಗಿನಿಂದ ಅಜ್ಜಿ ಕೂಗಿ ಹೇಳಿದರು. "ಇವತ್ತು ಚೆನ್ನಾಗಿ ನೋಡ್ಕೊಳ್ರೋ. ನಾಳೆ ಚೌತಿ, ಯಾರೂ ತಲೆ ಎತ್ತಬಾರ್ದು!"

ಚೌತಿಯ ಚಂದ್ರನನ್ನು ನೋಡಿದರೆ ಅಪವಾದ ಬರುತ್ತದೆ ಅಂತ ಹಿಂದೂಗಳಲ್ಲಿ ನಂಬಿಕೆ. ನಮಗೆ ಚಂದ್ರ ಕಾಣದೆ ಹಬ್ಬವಿಲ್ಲ. ಒಬ್ಬನೇ ಚಂದ್ರ. ಒಂದು ದಿನ ನೋಡಲೇಬೇಕು, ಒಂದು ದಿನ ನೋಡಲೇಬಾರದು. ಮೇಷ್ಟ್ರಿಗೆ ಇದು ಬಹಳ ಖುಷಿಯಾಯಿತು. ಮಹಡಿ ಮೇಲೆಯೇ ಮಕ್ಕಳಿಗೆ ಪಾಠ ಮಾಡಿದರು. ಆ ಪಾಠ ನಿಮಗೂ ಹೇಳುತ್ತೇವೆ.

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಚಂದ್ರನ ಒಂದು ತಿಂಗಳು. ಸುಮಾರು 29 ದಿನ, ಇಲ್ಲ 30. ಹನ್ನೆರಡು ತಿಂಗಳಿಗೆ 354 ದಿನ ಆಗುತ್ತದೆ. ಸೂರ್ಯನ ಲೆಕ್ಕದಲ್ಲಿ ವರ್ಷಕ್ಕೆ 365 ದಿನ. 365ರಲ್ಲಿ 354 ಕಳೆಯಿರಿ. 11 ದಿನ ಕಡಿಮೆ ಬಿತ್ತು. ಹಿಂದೂ ಪಂಚಾಂಗದಲ್ಲಿ ಈ ಕೊರತೆ ತುಂಬಲು ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ಅಧಿಕ ಮಾಸ ಸೇರಿಸುತ್ತಾರೆ. ಅದಕ್ಕೇ ಗಣೇಶನ ಹಬ್ಬ ಆಗಸ್ಟ್, ಸೆಪ್ಟೆಂಬರ್ ಬಿಟ್ಟು ಹೋಗುವುದಿಲ್ಲ. ನಮ್ಮ ಲೆಕ್ಕದಲ್ಲಿ ಅಧಿಕ ಮಾಸ ಇಲ್ಲ. ಹಾಗಾಗಿ ರಂಜಾನ್ ಪ್ರತಿ ವರ್ಷ 10–11 ದಿನ ಮುಂಚೆ ಬರುತ್ತದೆ. ಮಳೆಗಾಲದಿಂದ ಬೇಸಿಗೆಗೆ, ಬೇಸಿಗೆಯಿಂದ ಚಳಿಗಾಲಕ್ಕೆ ಸರಿಯುತ್ತದೆ. ಒಂದು ಸುತ್ತು ಬರಲು ಸುಮಾರು 33 ವರ್ಷ ಬೇಕು.

ಮಾರನೇ ದಿನ ಏನು ಕೊಡುವುದು ಅನ್ನುವ ಚಿಂತೆ. ಈದ್‌ಗೆ ನಾವು ಶೀರ್ ಖುರ್ಮಾ ಮಾಡುತ್ತೇವೆ. ಹಾಲು, ಶಾವಿಗೆ, ಖರ್ಜೂರ, ದ್ರಾಕ್ಷಿ, ಗೋಡಂಬಿ. ಅಜ್ಜಿ ನಮ್ಮ ಪಾತ್ರೆಯಲ್ಲಿ ಮಾಡಿದ್ದು ತಿನ್ನುವುದಿಲ್ಲ. ಅದು ಗೊತ್ತಿತ್ತು. ಕೊಟ್ಟು ಅವರನ್ನು ಕಷ್ಟಕ್ಕೆ ಸಿಕ್ಕಿಸುವುದೇ? ಕೊಡದೆ ಇರುವುದೇ? ಅತ್ತೆಯೇ ದಾರಿ ಕಂಡರು. ಹೊಸ ಶಾವಿಗೆ ಪೊಟ್ಟಣ, ಒಂದು ಹಿಡಿ ಖರ್ಜೂರ, ಬಾಳೆಹಣ್ಣು. ಬುಟ್ಟಿಯಲ್ಲಿ ಇಟ್ಟು ಗೋಡೆ ದಾಟಿಸಿದರು.

ಅಜ್ಜಿ ನೋಡಿ ನಕ್ಕರು. "ಇದು ನಮ್ಮ ಶಾವಿಗೆ ಪಾಯಸ ಅಲ್ವೇನ್ರೀ!" ಅಂದರು.

ಆ ಕಡೆಯಿಂದಲೂ ಒಂದು ತಟ್ಟೆ ಬಂತು. ಕಡುಬು, ಕೋಸಂಬರಿ. ನಮಗೂ ತೊಂದರೆ ಇತ್ತು. ದೇವರಿಗೆ ನೈವೇದ್ಯ ಮಾಡಿದ್ದನ್ನು ನಮ್ಮಲ್ಲಿ ಬಹಳ ಜನ ತಿನ್ನುವುದಿಲ್ಲ. ಹೇಳುವುದು ಹೇಗೆ? ನಾವು ಬಾಯಿ ಬಿಡುವ ಮೊದಲೇ ಅಜ್ಜಿ ಹೇಳಿದರು. "ದೇವರಿಗೆ ಇಡೋ ಮುಂಚೆನೇ ಎತ್ತಿಟ್ಟಿದೀನಿ. ನಮ್ಮ ಮೊಮ್ಮಗಳು ಹೇಳಿದ್ಲು, ನೀವು ಪ್ರಸಾದ ತಿನ್ನಲ್ವಂತೆ."

ಮೊಮ್ಮಗಳಿಗೆ ಹೇಳಿದವನು ನಮ್ಮ ಮಗ. ಯಾರ ಮನೆಗೂ ಹೋಗಬೇಡ ಅಂದಿದ್ದೆವಲ್ಲ, ಅವನೇ.

ಅಜ್ಜಿ ಇವತ್ತಿಗೂ ನಮ್ಮ ಮನೆ ಅಡಿಗೆ ತಿಂದಿಲ್ಲ. ಕೆಲವರಿಗೆ ಇದು ಕೊರತೆ ಅನಿಸಬಹುದು. ನಮಗೆ ಹಾಗೆ ಅನಿಸಲಿಲ್ಲ. ತಮ್ಮ ನೇಮ ಬಿಡದೆ ನಮ್ಮ ನೇಮ ನೆನಪಿಟ್ಟರು.

ಎಣಿಸುವವರು ಬಂದರು

2011ರ ಫೆಬ್ರವರಿಯಲ್ಲಿ ಜನಗಣತಿಯವರು ಬಂದರು. ಹತ್ತು ವರ್ಷಕ್ಕೊಮ್ಮೆ ದೇಶದ ಜನರನ್ನು ಎಣಿಸುವ ಕೆಲಸ. ಬಂದವರು ಶಾಲೆಯ ಟೀಚರಮ್ಮ. ಮಾತೃಭಾಷೆ? ಉರ್ದು. ಬರುವ ಬೇರೆ ಭಾಷೆ? ಕನ್ನಡ. ಧರ್ಮ? ಇಸ್ಲಾಂ. ಓದು ಬರಹ ಬರುತ್ತದೆಯೇ? ಈ ಪ್ರಶ್ನೆಗೆ ಅತ್ತೆ ತಲೆ ತಗ್ಗಿಸಿದರು. ಕುರಾನ್ ಓದುತ್ತಾರೆ. ಅರಬ್ಬಿ ಅಕ್ಷರ ಕೂಡಿಸಿ ಓದುತ್ತಾರೆ, ಅರ್ಥ ತಿಳಿಯದು. ಬರೆಯಲು ಬರದು. ಟೀಚರಮ್ಮ "ಇಲ್ಲ" ಅಂತ ಬರೆದುಕೊಂಡರು.

ಆ ಎಣಿಕೆಯ ಫಲ ಆಮೇಲೆ ಬಂತು. ಕರ್ನಾಟಕದ ಜನ 6 ಕೋಟಿ 11 ಲಕ್ಷ. ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ 84 ಜನ ಹಿಂದೂಗಳು. ಸುಮಾರು 13 ಜನ ಮುಸಲ್ಮಾನರು. ಸುಮಾರು ಇಬ್ಬರು ಕ್ರೈಸ್ತರು. ಜೈನರು, ಬೌದ್ಧರು, ಸಿಖ್ಖರು ಎಲ್ಲ ಸೇರಿದರೆ ಒಬ್ಬರು. ಕಡಿಮೆ ಸಂಖ್ಯೆಯಲ್ಲಿ ಇರುವವರನ್ನು ಅಲ್ಪಸಂಖ್ಯಾತರು ಅನ್ನುತ್ತಾರೆ. ಅಲ್ಪ ಎಂದರೆ ಸ್ವಲ್ಪ. ಆದರೆ ಜಾಗ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಲಕ್ಷದ್ವೀಪದಲ್ಲಿ ನೂರಕ್ಕೆ 96 ಜನ ಮುಸಲ್ಮಾನರು. ಅಲ್ಲಿ ಹಿಂದೂಗಳು ಸ್ವಲ್ಪ. ನಾಗಾಲ್ಯಾಂಡ್, ಮಿಜೋರಾಂನಲ್ಲಿ ಕ್ರೈಸ್ತರೇ ಹೆಚ್ಚು. ನಿಮ್ಮ ಬೀದಿಯಲ್ಲಿ ಎಷ್ಟು ಮನೆ? ಒಂಟಿಯಾಗಿರುವ ಮನೆ ಯಾವುದು? ಎಣಿಸಿ ನೋಡಿ. ಆ ಮನೆಯವರ ಹೆಸರು ನಿಮಗೆ ಗೊತ್ತೇ?

ಈ ಪ್ರಶ್ನೆ ನಮ್ಮನ್ನೇ ಕುಟುಕಿತು. ಅದನ್ನು ಕೊನೆಗೆ ಹೇಳುತ್ತೇವೆ.

ಟೀಚರಮ್ಮ "ಇಲ್ಲ" ಅಂತ ಬರೆದದ್ದು ಅತ್ತೆಯ ಮನಸ್ಸಿನಲ್ಲಿ ಉಳಿಯಿತು. ಗೋಡೆ ಹತ್ತಿರ ಅಜ್ಜಿಗೆ ಹೇಳಿಕೊಂಡರು. ಅಜ್ಜಿ ಮೊಮ್ಮಗಳ ಹಳೇ ಸ್ಲೇಟು ತಂದರು. ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಜಗಲಿಯಲ್ಲಿ ಪಾಠ. ಮೊದಲು ರ, ಗ, ಸ, ದ. ಆಮೇಲೆ ಕಾಗುಣಿತ. ಮನೆಯ ಮುಂದಿನ ಫಲಕದಲ್ಲಿ "ಲಕ್ಷ್ಮೀಪುರಂ" ಅಂತ ಇದೆ. ಅದನ್ನು ಓದಬೇಕು ಅನ್ನುವುದು ಅತ್ತೆಯ ಹಟ. ಅಜ್ಜಿ ತಲೆ ಚಚ್ಚಿಕೊಂಡರು. ಕ, ಅದಕ್ಕೆ ಷ ಒತ್ತು, ಅದಕ್ಕೆ ಮ ಒತ್ತು, ಮೇಲೆ ದೀರ್ಘ. ಒಂದು ಅಕ್ಷರಕ್ಕೆ ಇಷ್ಟು ಭಾರ! "ನಿಮ್ಮ ಲಕ್ಷ್ಮಿ ಬಹಳ ಒಡವೆ ಹಾಕ್ಕೊಂಡಿದಾಳೆ ಅಮ್ಮಾ" ಅಂದರು ಅತ್ತೆ. ಅಜ್ಜಿ ಆ ಮಾತನ್ನು ಬೀದಿಗೆಲ್ಲ ಹೇಳಿದರು.

ಪಾಠದಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ಕಾಗದ, ರಸೀದಿ, ಜಮೀನು, ಖರ್ಚು, ಗುಲಾಬಿ, ವಕೀಲ, ಅರ್ಜಿ. ಅಜ್ಜಿ ಹೇಳಿಕೊಡುವ ಮೊದಲೇ ಈ ಪದಗಳು ಅತ್ತೆಗೆ ಗೊತ್ತಿದ್ದವು. ಇವೆಲ್ಲ ಪಾರಸಿ, ಅರಬ್ಬಿಯಿಂದ ಬಂದು ಉರ್ದುವಿಗೂ ಸೇರಿದವು, ಕನ್ನಡಕ್ಕೂ ಸೇರಿದವು. "ನೀವು ಅರ್ಧ ಕನ್ನಡ ಕಲಿತೇ ಬಂದಿದೀರಿ" ಅಂದರು ಮೇಷ್ಟ್ರು. ಅವರು ಜಗಲಿಗೆ ಬಂದರೆ ಅಕ್ಷರದ ಪಾಠ ಚರಿತ್ರೆಯ ಪಾಠ ಆಗುತ್ತಿತ್ತು. ಸರ್ ಮಿರ್ಜಾ ಇಸ್ಮಾಯಿಲರ ಕಥೆ ಅವರು ಹೇಳಿದ್ದೇ. ಮಿರ್ಜಾ ಅವರ ಅಜ್ಜ ಪಾರಸಿ ನಾಡಿನಿಂದ ಬಂದ ಕುದುರೆ ವ್ಯಾಪಾರಿ. ಮೊಮ್ಮಗ ನಾಲ್ವಡಿ ಕೃಷ್ಣರಾಜ ಒಡೆಯರ ಜೊತೆ ಓದಿದರು. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದರು. ಕನ್ನಂಬಾಡಿಯ ಬೃಂದಾವನ ಅವರ ಕಾಲದ್ದು. ಅದೇ ನಾಲ್ವಡಿಯವರು 1933ರಲ್ಲಿ ಸೇಂಟ್ ಫಿಲೋಮಿನಾ ಚರ್ಚಿಗೆ ಅಡಿಗಲ್ಲು ಇಟ್ಟರು.

ಎಲ್ಲ ಸಿಹಿಯಾಯಿತು ಅಂತ ತಿಳಿಯಬೇಡಿ. ಎಡಗಡೆ ಮನೆಯ ಪರದೆ ಹಾಗೇ ಇತ್ತು. ಆ ಯಜಮಾನರು ನಮಸ್ಕಾರಕ್ಕೆ ನಮಸ್ಕಾರ ಹೇಳುವುದಕ್ಕೇ ಎರಡು ವರ್ಷ ತೆಗೆದುಕೊಂಡರು. ಎಲ್ಲೋ ದೂರದ ಊರಿನಲ್ಲಿ ಗಲಾಟೆ ಆದ ದಿನ ಬೀದಿ ಬಿಗಿಯಾಗುತ್ತಿತ್ತು. ನಾವು ಮಾಡದ ತಪ್ಪಿಗೆ ನಾವೇ ತಲೆ ತಗ್ಗಿಸಿ ನಡೆಯುತ್ತಿದ್ದೆವು. ಅದನ್ನು ಅನುಭವಿಸಿದವರಿಗೇ ಗೊತ್ತು.

2017ರಲ್ಲಿ ಕವಿ ನಿಸಾರ್ ಅಹಮದ್ ಮೈಸೂರು ದಸರಾ ಉದ್ಘಾಟಿಸಿದರು. 2025ರಲ್ಲಿ ಹಾಸನದ ಲೇಖಕಿ ಬಾನು ಮುಷ್ತಾಕ್ ಅವರನ್ನು ಸರ್ಕಾರ ಕರೆಯಿತು. ಅದೇ ವರ್ಷ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತ್ತು. ಈ ಸಲ ವಾದ ಎದ್ದಿತು. ಕೋರ್ಟಿಗೂ ಹೋಯಿತು. ಹೈಕೋರ್ಟು, ಸುಪ್ರೀಂ ಕೋರ್ಟು ಎರಡೂ ತಕರಾರನ್ನು ತಳ್ಳಿಹಾಕಿದವು. ಸೆಪ್ಟೆಂಬರ್ 22ಕ್ಕೆ ಅವರೇ ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು. ನಮ್ಮ ಬೀದಿಯಲ್ಲೂ ವಾದ ನಡೆಯಿತು. ಎಡಗಡೆ ಮನೆ ಯಜಮಾನರು ಗೇಟಿನ ಹತ್ತಿರ ನಿಂತು, "ನನಗೆ ಇದು ಸರಿ ಕಾಣಲ್ಲ ಸಾಹೇಬ್ರೇ" ಅಂದರು. "ನಮಗೆ ಸರಿ ಕಾಣುತ್ತೆ" ಅಂದರು ನಮ್ಮ ಯಜಮಾನರು. ಅರ್ಧ ಗಂಟೆ ವಾದ ಮಾಡಿದರು. ಯಾರೂ ಸೋಲಲಿಲ್ಲ. ಆದರೆ ಅವರು ಆ ಮಾತನ್ನು ನಮ್ಮ ಬೆನ್ನ ಹಿಂದೆ ಆಡಲಿಲ್ಲ, ನಮ್ಮ ಮುಖ ನೋಡಿ ಆಡಿದರು. ಪರದೆ ಹಾಕಿದ ಕಾಲಕ್ಕಿಂತ ಇದು ವಾಸಿ.

ಈಗ ನಮ್ಮನ್ನು ಕುಟುಕಿದ ಮಾತು. ಮಂಡಿ ಮೊಹಲ್ಲಾದ ನಮ್ಮ ಗಲ್ಲಿಯಲ್ಲಿ ಒಂದೇ ಒಂದು ಹಿಂದೂ ಮನೆ ಇತ್ತು. ನಮ್ಮ ಎದುರಿಗೇ. ಹದಿನೆಂಟು ವರ್ಷ ಅವರ ಬಾಗಿಲು ನೋಡಿದ್ದೆವು. ಹೆಸರು ಕೇಳಿರಲಿಲ್ಲ. ನಮ್ಮ ಹಬ್ಬಕ್ಕೆ ಗಲ್ಲಿಯೆಲ್ಲ ದೀಪ. ಅವರ ಹಬ್ಬ ಯಾವತ್ತು ಬಂತು, ಯಾವತ್ತು ಹೋಯಿತು, ಗೊತ್ತಿರಲಿಲ್ಲ. ಲಕ್ಷ್ಮೀಪುರಂನಲ್ಲಿ ಆ ಮೊದಲ ಎರಡೂವರೆ ತಿಂಗಳು ಕಳೆದ ಮೇಲೆ ಆ ಬಾಗಿಲು ನೆನಪಿಗೆ ಬರತೊಡಗಿತು.

ಅಣ್ಣನ ಮಗಳ ಮದುವೆಗೆ ಹೋದಾಗ ಅತ್ತೆ, "ನಡೀರಿ, ಆ ಮನೆಗೆ ಹೋಗೋಣ" ಅಂದರು. ಬಾಗಿಲು ತಟ್ಟಿದೆವು. ವಯಸ್ಸಾದ ಒಬ್ಬ ಅಮ್ಮ ತೆಗೆದರು.

"ನಾವು ಎದುರು ಮನೆಯಲ್ಲಿ ಇದ್ದವರು. ಈಗ ಬೇರೆ ಕಡೆ ಇದೀವಿ" ಅಂದೆವು. ಮುಂದೆ ಏನು ಹೇಳುವುದು ತೋಚಲಿಲ್ಲ.

ಆ ಅಮ್ಮ ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದರು. ಆಮೇಲೆ ನಮ್ಮ ಹೆಸರು ಹೇಳತೊಡಗಿದರು. ಯಜಮಾನರ ಹೆಸರು, ಅತ್ತೆಯ ಹೆಸರು, ಮಗನ ಹೆಸರು. ಮಗಳ ಕಡೆ ತಿರುಗಿ, "ಇವಳಿಗೆ ನಾಲ್ಕು ವರ್ಷ ಇದ್ದಾಗ ಅಮ್ಮ ಹೊಡೆದ್ರು ಅಂತ ನಮ್ಮ ಮೆಟ್ಟಿಲ ಮೇಲೆ ಕೂತು ಅಳ್ತಿದ್ಲು. ನಾನೇ ಬೆಲ್ಲ ಕೊಟ್ಟು ಕಳಿಸಿದ್ದೆ" ಅಂದರು.

ನಮಗೆ ಯಾರಿಗೂ ಅದು ಗೊತ್ತೇ ಇರಲಿಲ್ಲ.

"ಬಿಸಿಲಲ್ಲಿ ಯಾಕೆ ನಿಂತಿದೀರಿ, ಒಳಗೆ ಬನ್ನಿ" ಅಂದರು. ಅತ್ತೆ ಚಪ್ಪಲಿ ಬಿಟ್ಟರು. ಒಳಗೆ ಹೋಗುವ ಮೊದಲು ಬಾಗಿಲ ಮೇಲಿನ ಹೆಸರಿನ ಹಲಗೆ ನೋಡಿದರು. ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದರು.